ಮೆಮೊರಿ ಲೀಕ್ ಎಂದರೆ ಫೋಟೊ, ಪಾಸ್‌ವರ್ಡ್ ಸೋರಿಕೆಯೇ?

‘ಕ್ರಿಪ್ಟೊ ಡ್ರೈವರ್‌ನಲ್ಲಿ ಮೆಮೊರಿ ಲೀಕ್’ ಎಂಬ ಸಾಲು ಓದಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಇಲ್ಲಿ ಕ್ರಿಪ್ಟೊ ಎಂದರೆ ಬಿಟ್‌ಕಾಯಿನ್ ಅಲ್ಲ, ಲೀಕ್ ಎಂದರೆ ನಿಮ್ಮ ಮಾಹಿತಿ ಸೋರುವುದೂ ಅಲ್ಲ.

ಕ್ರಿಪ್ಟೊ ಡ್ರೈವರ್ ಎಂದರೇನು?

ಬೇರೆಯವರು ಓದಲಾಗದಂತೆ ಮಾಹಿತಿಯನ್ನು ಗುಪ್ತರೂಪಕ್ಕೆ ಬದಲಿಸುವುದು ಕ್ರಿಪ್ಟೋಗ್ರಫಿ. ಇದನ್ನು ಬೇಗ ಮಾಡಲು ಕೆಲವು ಚಿಪ್‌ಗಳಲ್ಲಿ ಪ್ರತ್ಯೇಕ ಭಾಗವಿರುತ್ತದೆ. ಆ ಭಾಗದಿಂದ ಕೆಲಸ ಮಾಡಿಸುವ ಸಾಫ್ಟ್‌ವೇರ್ ಕ್ರಿಪ್ಟೊ ಡ್ರೈವರ್. ಇದು ಆಪರೇಟಿಂಗ್ ಸಿಸ್ಟಮ್‌ನ ಭಾಗ.

ಹಾಗಾದರೆ ಲೀಕ್ ಆಗುವುದೇನು?

ಅಥಣಿ, ರಾಯಬಾಗ, ಕಾಗವಾಡ ಕಡೆಯವರಿಗೆ ಸಕ್ಕರೆ ಕಾರ್ಖಾನೆಯ ಯಾರ್ಡ್ ಗೊತ್ತು. ಟ್ರ್ಯಾಕ್ಟರ್ ಬರುತ್ತದೆ, ಕಬ್ಬು ಇಳಿಸಿ ಹೊರಡುತ್ತದೆ. ಖಾಲಿ ಟ್ರೇಲರ್‌ಗಳು ಅಲ್ಲೇ ನಿಂತರೆ ಏನಾಗುತ್ತದೆ? ಕಬ್ಬೇನೂ ಕಳವಾಗುವುದಿಲ್ಲ. ಆದರೆ ಯಾರ್ಡ್ ತುಂಬಿ, ಮುಂದಿನ ಗಾಡಿಗೆ ಜಾಗವಿಲ್ಲದೆ ಕಾರ್ಖಾನೆಯೇ ನಿಲ್ಲುತ್ತದೆ. ಮೆಮೊರಿ ಲೀಕ್ ಇಷ್ಟೇ: ಡ್ರೈವರ್ ಕೆಲಸಕ್ಕೆ ಪಡೆದ ಮೆಮೊರಿಯನ್ನು ಕೆಲಸ ಮುಗಿದ ಮೇಲೆ ಬಿಟ್ಟುಕೊಡುವುದಿಲ್ಲ.

ನಿಜವಾಗಿ ಹೀಗೆ ಆಗಿದೆಯೇ?

ಹೌದು. ಎಎಮ್‌ಡಿ ಚಿಪ್‌ಗಳಿಗಾಗಿ ಲಿನಕ್ಸ್‌ನಲ್ಲಿರುವ ಕ್ರಿಪ್ಟೊ ಡ್ರೈವರ್‌ನಲ್ಲಿ 2019ರಲ್ಲಿ ಇಂಥ ದೋಷ ಸಿಕ್ಕಿತು (ಸಿವಿಇ-2019-18808). ಗುರುತಿಲ್ಲದ ಬಗೆಯ ಕೋರಿಕೆ ಬಂದಾಗ ಡ್ರೈವರ್ ‘ಆಗದು’ ಎನ್ನುತ್ತಿತ್ತು, ಆದರೆ ಅದಕ್ಕಾಗಿ ಪಡೆದ ಮೆಮೊರಿಯನ್ನು ಹಿಂದಿರುಗಿಸುತ್ತಿರಲಿಲ್ಲ. 2021ರಲ್ಲಿ ಅದೇ ಡ್ರೈವರ್‌ನ ಇನ್ನೊಂದು ಕಡೆ ಇಂಥದೇ ದೋಷ ಕಂಡಿತು. ಎರಡೂ ಸಲ ಕೆಲಸ ಕೆಟ್ಟಾಗ ಮಾತ್ರ ಓಡುವ ದಾರಿಯಲ್ಲೇ ತಪ್ಪಿತ್ತು. ಕೆಲವೇ ಸಾಲು ಬದಲಿಸಿ, ಆ ದಾರಿಯಲ್ಲೂ ಮೆಮೊರಿ ಬಿಡುವಂತೆ ಸರಿಪಡಿಸಲಾಯಿತು.

ಅಪಾಯವೇ ಇಲ್ಲವೇ?

ಇದೆ. ಬೇಕೆಂದೇ ಇಂಥ ಕೋರಿಕೆಗಳನ್ನು ಮತ್ತೆ ಮತ್ತೆ ಕಳಿಸಿ ಮೆಮೊರಿ ಮುಗಿಸಬಹುದು. ಹಣ ಪಾವತಿ ನೋಡಿಕೊಳ್ಳುವ ಸರ್ವರ್ ಹಾಗೆ ನಿಂತರೆ ನಿಪ್ಪಾಣಿಯ ಅಂಗಡಿಯಲ್ಲೂ ಯುಪಿಐ ನಡೆಯದು. ಮಾಹಿತಿಯೇ ಸೋರುವ ದೋಷ ಬೇರೆ. 2014ರಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಅಂಥದ್ದು: ಒಂದೊಂದು ಕೋರಿಕೆಗೆ 64 ಕೆಬಿಯಷ್ಟು ಮೆಮೊರಿಯಲ್ಲಿನ ಮಾಹಿತಿ ಹೊರಗೆ ಬರಬಹುದಿತ್ತು.

ನೀವು ಏನು ಮಾಡಬೇಕು?

ಮೇಲಿನ ಡ್ರೈವರ್ ಕಂಪ್ಯೂಟರ್, ಸರ್ವರ್‌ಗಳದ್ದು. ಆದರೆ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಇರುವುದು ಲಿನಕ್ಸೇ. ಇಂಥ ದೋಷಗಳಿಗೆ ಪರಿಹಾರ ಬರುವುದು ಸೆಕ್ಯುರಿಟಿ ಅಪ್‌ಡೇಟ್ ಮೂಲಕ.

• ಫೋನ್ ರೀಸ್ಟಾರ್ಟ್ ಮಾಡಿದರೆ ಸಿಕ್ಕಿಬಿದ್ದ ಮೆಮೊರಿ ಬಿಡುಗಡೆಯಾಗುತ್ತದೆ. ದೋಷ ಮಾತ್ರ ಹಾಗೇ ಉಳಿಯುತ್ತದೆ.

• ‘ರ‍್ಯಾಮ್ ಕ್ಲೀನರ್’ ಆ್ಯಪ್‌ಗಳಿಗೆ ಡ್ರೈವರ್ ಹಿಡಿದಿಟ್ಟ ಮೆಮೊರಿ ಕೈಗೆ ಸಿಗದು.

• ಅಪ್‌ಡೇಟ್ ಅನ್ನು ಫೋನಿನ ಸೆಟ್ಟಿಂಗ್ಸ್‌ನಿಂದಲೇ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್‌ನಿಂದ ಬೇಡ.

‘ಮೆಮೊರಿ ಲೀಕ್ ಆಗಿದೆ, ಅಪ್‌ಡೇಟ್ ಮಾಡಬೇಡಿ’ ಎಂಬ ಸಂದೇಶ ಬಂದರೆ ನಂಬಬೇಡಿ. ಅಪ್‌ಡೇಟ್ ಬರುವುದೇ ಆ ಸೋರಿಕೆ ನಿಲ್ಲಿಸಲು.