ಹಾರ್ಡ್ ಡಿಸ್ಕಿನಲ್ಲಿ ಕುರುಕ್ಷೇತ್ರ

ಮಧುಗಿರಿ, ಕೊರಟಗೆರೆ ಕಡೆ ‘ಹೋಮ್ ಥಿಯೇಟರ್’ ಅಂದರೆ ಒಂದು ದಪ್ಪ ವೂಫರ್, ಸುತ್ತ ನಾಲ್ಕೈದು ಪುಟಾಣಿ ಸ್ಪೀಕರ್. ಪ್ರೊಜೆಕ್ಟರು, ಕತ್ತಲ ಕೋಣೆ ಆ ಮಾತಿನೊಳಗೆ ಬರುವುದೇ ಇಲ್ಲ. ಈ ಪೆಟ್ಟಿಗೆಗಳಿಗೂ ಟಿ.ವಿ.ಗೂ ನಡುವೆ ಕಂಪ್ಯೂಟರ್ ಬಂದು ಕೂತದ್ದು ಹೇಗೆ? ಹೊರಗಿನ ಲೆಕ್ಕ ಚಿಕ್ಕದು. 2002ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿ ತಂದಿತು. ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದು ಹುಟ್ಟಿದ ಎಕ್ಸ್‌ಬಿಎಂಸಿ ಎಂಬ ಪ್ಲೇಯರ್ ತಂತ್ರಾಂಶ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು. ಹೊರಗಿನವರಿಗೆ ಬೇಕಿದ್ದದ್ದು ಟಿ.ವಿ. ಕಾರ್ಯಕ್ರಮ ಹಿಡಿದಿಡುವ ಯಂತ್ರ. ನಮ್ಮ ಕಡೆ ಹಿಡಿದಿಡಬೇಕಿದ್ದದ್ದು ನಾಟಕ.

ತುಮಕೂರು ಜಿಲ್ಲೆಯ ಪೌರಾಣಿಕ ನಾಟಕದ ಹುಚ್ಚು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿಯವರು ಬರುತ್ತಾರೆ, ರಾತ್ರಿ ಶುರುವಾದ ‘ಕುರುಕ್ಷೇತ್ರ’ ಬೆಳಕು ಹರಿಯುವಾಗ ಮುಗಿಯುತ್ತದೆ. ಕೈಯಿಂದ ದುಡ್ಡು ಹಾಕಿ ದುರ್ಯೋಧನನಾದವನಿಗೆ ತನ್ನ ಪದ್ಯ ಇನ್ನೊಮ್ಮೆ ಕೇಳಬೇಕು. ಹಾಗಾಗಿ ಮದುವೆ ವಿಡಿಯೋದವರೇ ನಾಟಕಕ್ಕೂ ಕ್ಯಾಮೆರಾ ಹಿಡಿದರು.

ಎಂಟು ಗಂಟೆಯ ನಾಟಕ, 74 ನಿಮಿಷದ ವಿಸಿಡಿ: ಲೆಕ್ಕ ಹಾಕಿದರೆ ಏಳು ಡಿಸ್ಕು. ಕೃಷ್ಣ ಸಂಧಾನಕ್ಕೆ ಹೊರಟವನು ಒಂದು ಡಿಸ್ಕಿನ ಕೊನೆಗೆ ನಿಂತುಬಿಟ್ಟರೆ, ಮುಂದಿನದು ಯಾರ ಮನೆಗೆ ಎರವಲು ಹೋಗಿದೆಯೋ! 4.7 ಜಿಬಿಯ ಡಿವಿಡಿ ಬಂದಾಗ ಏಳು ನಾಲ್ಕಾಯಿತು, ಗೀರು ಬೀಳುವುದು ಮಾತ್ರ ತಪ್ಪಲಿಲ್ಲ. ಒಂದು ಸಲ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡರೆ ಈ ಕಾಟವಿಲ್ಲ. ಅದಕ್ಕೆ ಬೇಕಾದ ಕಂಪ್ಯೂಟರೂ ದೂರವಿರಲಿಲ್ಲ: ಶಿರಾ ಹೆದ್ದಾರಿಯ ಮೇಲಿನ ಊರು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಯಂತ್ರಗಳು ಬಸ್ಸಿನಲ್ಲೇ ಬರುತ್ತಿದ್ದವು. ಪ್ಯಾರಿಸ್ಸಿನ ವಿದ್ಯಾರ್ಥಿಗಳ ಕೆಲಸವಾಗಿ 1996ರಲ್ಲಿ ಆರಂಭವಾದ ವಿಎಲ್‌ಸಿ ಪ್ಲೇಯರ್, ನುಡಿ ತಂತ್ರಾಂಶದ ಜೊತೆಗೇ ಒಳಗೆ ಸೇರುತ್ತಿತ್ತು.

ತಂತಿಯ ಕಡೆ ಬಂದರೆ, ಕಂಪ್ಯೂಟರಿನ ಬೆನ್ನಲ್ಲಿ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ತೂತು: ಮುಂದಿನ ಸ್ಪೀಕರಿಗೆ, ಹಿಂದಿನದಕ್ಕೆ, ನಡುವಿನದು ಮತ್ತು ವೂಫರಿಗೆ. ಮೂರನ್ನೂ ಸರಿಯಾಗಿ ಸಿಕ್ಕಿಸಿದರೂ ನಮ್ಮ ನಾಟಕ ಹಸಿರಿನಿಂದಷ್ಟೇ ಹೊರಡುತ್ತಿತ್ತು. ಎರಡು ಮೈಕಿನಲ್ಲಿ ಹಿಡಿದ ಶಬ್ದಕ್ಕೆ ಆರು ದಾರಿ ಏಕೆ? ಇಂದಿಗೂ ನನ್ನ ಮತ ಒಳ್ಳೆಯ ಎರಡು ಸ್ಪೀಕರಿಗೇ. ಚಿತ್ರದ ತೊಂದರೆ ಬೇರೆ. ಹಳೆ ಟಿ.ವಿ.ಯಲ್ಲಿ ನುಣ್ಣಗಿದ್ದ ಭೀಮನ ಗದೆ ಎಲ್‌ಸಿಡಿಯಲ್ಲಿ ಬೀಸಿದೊಡನೆ ಅಂಚಿಗೆ ಬಾಚಣಿಗೆ ಹಲ್ಲು ಮೂಡುತ್ತಿತ್ತು. ಕ್ಯಾಮೆರಾ ಪ್ರತಿ ಚಿತ್ರವನ್ನೂ ಸರಿ-ಬೆಸ ಗೆರೆಗಳಾಗಿ ಎರಡು ಕಂತಿನಲ್ಲಿ ಹಿಡಿದಿರುತ್ತದೆ, ಹೊಸ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ವಿಎಲ್‌ಸಿಯಲ್ಲಿ ‘ಡಿ’ ಒತ್ತಿದರೆ ಹಲ್ಲು ಮಾಯ. ಡಿವಿಡಿ ಪ್ಲೇಯರಿನ ರಿಮೋಟಿನಲ್ಲಿ ಅಂಥ ಗುಂಡಿ ನಾನು ಕಂಡಿಲ್ಲ.

ಪೆನ್‌ಡ್ರೈವಿನ ಕಾಲದಲ್ಲಿ ಇನ್ನೊಂದು ತಕರಾರು. ಹೊಸ ರೀತಿಯಲ್ಲಿ ಒತ್ತಿ ಕಿರಿದಾಗಿಸಿದ ಇಡೀ ರಾತ್ರಿಯ ನಾಟಕ ಏಳು ಜಿಬಿ. ಎಫ್‌ಎಟಿ32 ಪೆನ್‌ಡ್ರೈವ್ 4 ಜಿಬಿ ದಾಟಿದ ಕಡತವನ್ನು ಸೇರಿಸುವುದಿಲ್ಲ. 16 ಜಿಬಿ ಖಾಲಿ ಇದ್ದರೂ ಒಲ್ಲೆ ಎನ್ನುತ್ತದೆ!

ಕರೆಂಟು ಹೋಗುವ ಕಥೆ ಎಲ್ಲರಿಗೂ ಗೊತ್ತು. ಯುಪಿಎಸ್ ಇದ್ದದ್ದು ನೋಡುವುದಕ್ಕಲ್ಲ, ಮರ್ಯಾದೆಯಿಂದ ಆಫ್ ಮಾಡುವುದಕ್ಕೆ. 2012ರಲ್ಲಿ ಬಂದ 35 ಡಾಲರಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮೊಬೈಲ್ ಚಾರ್ಜರಿನಲ್ಲೇ ಓಡಿತು, ಆದರೆ ದಿಢೀರನೆ ಕರೆಂಟು ಹೋದರೆ ಅದರ ಮೆಮೊರಿ ಕಾರ್ಡೇ ಕೆಡುತ್ತಿತ್ತು. 2,050 ಮೆಗಾವ್ಯಾಟಿನ ಸೌರ ಪಾರ್ಕು ಈಗ ಪಾವಗಡದ ತಿರುಮಣಿಯಲ್ಲೇ ಇದೆ. ಅದರ ಕರೆಂಟು ಗ್ರಿಡ್ಡಿಗೆ ಹೋಗುತ್ತದೆ, ನೇರ ಪಕ್ಕದ ಮನೆಗಲ್ಲ.

2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರ್ ಇರಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಸಿನಿಮಾಕ್ಕೆ ಈಗ ಟಿ.ವಿ. ಬೆನ್ನಿಗೆ ಚುಚ್ಚುವ ಒಂದು ಕಡ್ಡಿ ಸಾಕು. ಪಾವಗಡದ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ಅದರಲ್ಲೇ ಬರುತ್ತವೆ. ಅಪ್ಪ ಶಕುನಿಯಾಗಿದ್ದ ರಾತ್ರಿ ಮಾತ್ರ ಯಾವ ಚಂದಾದಲ್ಲೂ ಸಿಗುವುದಿಲ್ಲ. ಅದಕ್ಕೇ ಹಳೆಯ ಡೆಸ್ಕ್‌ಟಾಪ್ ಇನ್ನೂ ಮೂಲೆಯಲ್ಲಿ ಗುಂಯ್‌ಗುಡುತ್ತಿದೆ. ಅದರಲ್ಲಿ 2018ರ ಕೊನೆಗೆ ಹುಟ್ಟಿದ, ದುಡ್ಡು ಕೇಳದ ಜೆಲ್ಲಿಫಿನ್ ತಂತ್ರಾಂಶ ಹಾಕಿದರೆ ವೈಫೈ ಮೇಲೆ ಟಿ.ವಿ.ಗೂ ಮೊಬೈಲಿಗೂ ನಾಟಕ ಹೋಗುತ್ತದೆ.

ನಾನೂ ಹಾಕಿದೆ. ಕಡತದ ಹೆಸರು ನೋಡಿ ಅದು ತಾನೇ ಪೋಸ್ಟರ್ ಹುಡುಕಿ ತಂದಿತು: ದರ್ಶನ್ ದುರ್ಯೋಧನನಾಗಿದ್ದ 2019ರ ಸಿನಿಮಾದ್ದು. ಅಳಿಸಿ, ಬಣ್ಣದ ಮನೆಯಲ್ಲಿ ಕಿರೀಟ ಕಟ್ಟಿಸಿಕೊಳ್ಳುತ್ತಿರುವ ನಮ್ಮೂರ ದುರ್ಯೋಧನನ ಫೋಟೋವನ್ನು ಅದೇ ಫೋಲ್ಡರಿಗೆ ‘ಪೋಸ್ಟರ್’ ಹೆಸರಲ್ಲಿ ಹಾಕಿದೆ.