ಪ್ರಾರಂಭಿಕ ಇಂಗ್ಲಿಷ್ ಲೇಖನಶಿಕ್ಷಣ

ಇಂಗ್ಲಿಷು ಮಾತೃಭಾಷೆಯಲ್ಲದವರನ್ನೂ, ಶಾಲೆಯಲ್ಲಿ ಬರೆವಣಿಗೆಯ ಅಭ್ಯಾಸ ಸಾಲದೆ ಬಂದವರನ್ನೂ ಕಾಲೇಜಿನ ಪ್ರಬಂಧರಚನೆಗೆ ಅಣಿಗೊಳಿಸುವ ಬೋಧನಕ್ರಮ. ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯವು 1970ರಲ್ಲಿ ಮುಕ್ತಪ್ರವೇಶ ನೀತಿಯನ್ನು ಆಚರಣೆಗೆ ತಂದು, ನಗರದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದವರೆಲ್ಲರಿಗೂ ದ್ವಾರವನ್ನು ತೆರೆದ ಬಳಿಕ, ಅದರ ಅಂಗವಾದ ಸಿಟಿ ಕಾಲೇಜಿನಲ್ಲಿ ಈ ಬೋಧನೆಯ ಹೊಣೆ ಹೊತ್ತಿದ್ದ ಮೀನಾ ಶಾಗ್ನೆಸಿಯವರು, ಪ್ರವೇಶಾರ್ಥಿಗಳ ಸಹಸ್ರಾರು ಪ್ರಬಂಧಗಳನ್ನು ಪರಿಶೀಲಿಸಿ, ಅವುಗಳಲ್ಲಿನ ದೋಷಗಳು ಬಹುಮಟ್ಟಿಗೆ ಕಲಿಯುವವರು ತಾವೇ ಊಹಿಸಿಕೊಂಡ ನಿಯಮಗಳ ಫಲವೆಂದು ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ (1977) ಎಂಬ ಗ್ರಂಥದಲ್ಲಿ ಪ್ರತಿಪಾದಿಸಿದರು. ಮಾತೃಭಾಷೆಯ ರೂಢಿಯೂ ದೋಷಕ್ಕೆ ಕಾರಣವಾಗುವುದುಂಟು: ಉದಾಹರಣೆಗೆ, ಚೀನೀ ಭಾಷೆಯಲ್ಲಿ ‘ಎ’, ‘ದಿ’ಗಳಂಥ ಉಪಪದಗಳಿಲ್ಲವಾದುದರಿಂದ, ಆ ಭಾಷಿಕನು ಇಂಗ್ಲಿಷಿನಲ್ಲಿ ಅವನ್ನು ಬಿಟ್ಟು ಬರೆಯುವುದು ಸಹಜವೇ ಸರಿ. ಆದಕಾರಣ ಸೂತ್ರಗಳ ಕಂಠಪಾಠಕ್ಕಿಂತ, ವಿದ್ಯಾರ್ಥಿಯು ತನ್ನ ವಾಕ್ಯಗಳನ್ನು ತಾನೇ ಪರಿಷ್ಕರಿಸುವಂತೆ ವ್ಯಾಕರಣವನ್ನು ಬೋಧಿಸುವುದೇ ಯುಕ್ತವಾದ ಮಾರ್ಗ. ದೋಷದ ಕಾರಣವನ್ನರಿಯದೆ ಗುರುತು ಹಾಕುವ ಅಧ್ಯಾಪಕನ ಶ್ರಮವು ವ್ಯರ್ಥವಾದುದು.