ಹಾಯಿಹಡಗಿನ ಹಗ್ಗ

ಹಾಯಿಹಡಗಿಗೆ ಗಾಳಿಯೇ ಒಡೆಯ. ಒಬ್ಬನು ಕಡಲಿಗೆ ಬಿದ್ದನೆಂದು ಅದು ಥಟ್ಟನೆ ನಿಲ್ಲದು. ಹಾಯಿಗಳನ್ನು ಹೊರಳಿಸಿ ಹಿಂದಿರುಗುವಷ್ಟರಲ್ಲಿ ಬಿದ್ದವನ ತಲೆ ಅಲೆಗಳ ನಡುವೆ ಮರೆಯಾಗಿರುತ್ತದೆ. ಆಗ ಅವನಿಗೂ ಹಡಗಿಗೂ ನಡುವೆ ಹಗ್ಗವೊಂದು ಉಳಿದಿದ್ದರೆ ಅದೇ ಅವನ ಪ್ರಾಣ.

1620ರಲ್ಲಿ ‘ಮೇಫ್ಲವರ್’ ಹಡಗು ಇಂಗ್ಲೆಂಡಿನಿಂದ ಅಮೆರಿಕೆಗೆ ಸಾಗುತ್ತಿದ್ದಾಗ ಜಾನ್ ಹೌಲಂಡ್ ಎಂಬ ತರುಣ ಸೇವಕನು ಬಿರುಗಾಳಿಯಲ್ಲಿ ಕಡಲಿಗೆ ಉರುಳಿದನು. ಹೊರಗೆ ಜೋಲಾಡುತ್ತಿದ್ದ ಹಾಯಿಯ ಹಗ್ಗವೊಂದು ಅವನ ಕೈಗೆ ಸಿಕ್ಕಿತು. ನೀರಿನಾಳಕ್ಕೆ ಮುಳುಗಿದರೂ ಅವನು ಅದನ್ನು ಬಿಡಲಿಲ್ಲ. ಜನರು ಹಗ್ಗವನ್ನೆಳೆದು, ಕೊಕ್ಕೆಯಿಂದ ಅವನನ್ನು ಮೇಲೆತ್ತಿದರು. ಸಹಪ್ರಯಾಣಿಕ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟ ವೃತ್ತಾಂತವಿದು. ಹೌಲಂಡ್ ಮುಂದೆ ಹತ್ತು ಮಕ್ಕಳ ತಂದೆಯಾಗಿ ಬಾಳಿದನು.

ಅವನಿಗೆ ದೈವವಶದಿಂದ ದೊರೆತ ಹಗ್ಗವನ್ನು ಮುಂದಿನವರು ಮೊದಲೇ ಕಟ್ಟಿಕೊಳ್ಳಲು ಕಲಿತರು: ಎದೆಗೊಂದು ಪಟ್ಟಿ, ಪಟ್ಟಿಯಿಂದ ದೋಣಿಗೊಂದು ಹಗ್ಗ. 1979ರ ಫಾಸ್ಟ್‌ನೆಟ್ ಪಂದ್ಯದ ಬಿರುಗಾಳಿಯಲ್ಲಿ 15 ಮಂದಿ ಸ್ಪರ್ಧಿಗಳು ಮಡಿದರು; ಕೆಲವರ ಪಟ್ಟಿಯೇ ಕೈಕೊಟ್ಟಿತ್ತು. ಆ ಬಳಿಕ ಪಟ್ಟಿ, ಕೊಕ್ಕೆಗಳ ಬಲವನ್ನು ಕುರಿತು ವಿಚಾರ ನಡೆಯಿತು. ಆದರೂ 1964ರಲ್ಲಿ ಒಂಟಿಯಾಗಿ ಅಟ್ಲಾಂಟಿಕ್ ದಾಟಿ ಪಂದ್ಯ ಗೆದ್ದ ಫ್ರಾನ್ಸಿನ ಎರಿಕ್ ತಾಬರ್ಲಿ, 1998ರ ಒಂದು ರಾತ್ರಿ ತನ್ನ ‘ಪೆನ್ ಡುಯಿಕ್’ ನೌಕೆಯಿಂದ ಬಿದ್ದು ಮಡಿದನು. ಅವನು ಪಟ್ಟಿ ಕಟ್ಟಿರಲಿಲ್ಲ. ಕತ್ತಲಲ್ಲಿ ಸಂಗಡಿಗರು ಎಷ್ಟು ಅರಸಿದರೂ ಸಿಗಲಿಲ್ಲ.

ಈಜು ಬಲ್ಲವನೆಂದಾಗಲಿ, ಬಿರುದು ಪಡೆದವನೆಂದಾಗಲಿ ಕಡಲು ಕೇಳದು. ಸೇವಕನನ್ನು ಉಳಿಸಿದ್ದೂ, ವೀರನಿಗೆ ಇಲ್ಲದೆ ಹೋದದ್ದೂ ಒಂದು ಮೊಳ ಹಗ್ಗವೇ.